ದನಿ ಕೊಟ್ಟವರ ಒಪ್ಪಿಗೆ

ಶ್ರೀರಾಂಪುರ, ಮೈಸೂರು
೬ ಜನವರಿ ೨೦೨೫

ಚೈತನ್ಯ,

ಮೂರು ವಾರದಿಂದ ನಿನ್ನ ನಂಬರು ಬ್ಯುಸಿ ಅನ್ನುತ್ತಿದೆ. ಮೂರು ವಾರ ಬಿಡುವಿಲ್ಲದೆ ಫೋನಿನಲ್ಲಿ ಮಾತಾಡುವ ಗಂಡಸನ್ನು ನಾನಂತೂ ಕಂಡಿಲ್ಲ. ಬ್ಲಾಕ್ ಮಾಡಿದ್ದೀಯ ಅಂತ ಕೊನೆಗೆ ತಲೆಗೆ ಹೋಯಿತು. ಈಮೇಲಿಗೂ ಉತ್ತರವಿಲ್ಲ. ಅದಕ್ಕೇ ಈ ಕಾಗದ. ಅಂಚೆಯವನನ್ನು ಬ್ಲಾಕ್ ಮಾಡುವ ತಂತ್ರಾಂಶ ಇನ್ನೂ ನಮ್ಮ ಲಿನಕ್ಸ್ ಭಂಡಾರಕ್ಕೆ ಬಂದಿಲ್ಲ. ಸಿಟಿ ಬಸ್ಸಿನಲ್ಲಿ ಒಂದು ಗಂಟೆ ದೂರದ ಹಿನಕಲ್ಲಿಗೆ ಕಾಗದ ಮೂರು ದಿನ ತೆಗೆದುಕೊಳ್ಳುತ್ತದಂತೆ, ತೆಗೆದುಕೊಳ್ಳಲಿ.

ವಿಷಯಕ್ಕೆ ಬರುತ್ತೇನೆ. ನಾವಿಬ್ಬರೂ ಬಿಟ್ಟಿ ದುಡಿಯುವ ಲಿನಕ್ಸಿನ ಮುಂದಿನ ಆವೃತ್ತಿಯಿಂದ ತೆಗೆದುಹಾಕುವ ಪ್ಯಾಕೇಜುಗಳ, ಅಂದರೆ ತಂತ್ರಾಂಶಗಳ, ಪಟ್ಟಿ ನಿನ್ನೆ ಬಂತು. ನಿನ್ನ ಹೆಸರಿನಲ್ಲಿ ಒಂದು ಅರ್ಜಿ ಇದೆ: ‘ಕೊರಳು’ ಪ್ಯಾಕೇಜನ್ನು ತೆಗೆದುಹಾಕಿ. ಕಾರಣ, ದನಿ ಕೊಟ್ಟವರ ಒಪ್ಪಿಗೆ ಇಲ್ಲ.

ಒಪ್ಪಿಗೆ ಇಲ್ಲ ಅಂದರೆ ಏನೋ? ದನಿ ಕೊಟ್ಟವರು ನಿನ್ನ ತಾಯಿ. ಒಪ್ಪಿಗೆ ಪತ್ರದ ನಮೂನೆ ಕಳಿಸಿದ್ದು ನಾನು, ಸಹಿ ಹಾಕಿಸಿ ತಂದದ್ದು ನೀನು. ನಾಲ್ಕು ವರ್ಷ ಇದ್ದ ಒಪ್ಪಿಗೆ ಈಗ ಎಲ್ಲಿಗೆ ಹೋಯಿತು?

ಮರೆತಿದ್ದೀಯ ಅಂತ ಕಾಣುತ್ತದೆ, ಜ್ಞಾಪಿಸುತ್ತೇನೆ. ನಾನು ಪಾಠ ಹೇಳುವ ನಮ್ಮ ಹಾಸ್ಟೆಲಿನಲ್ಲಿ ಹದಿನಾಲ್ಕು ಹುಡುಗಿಯರು. ನನ್ನ ಹಾಗೇ ಯಾರಿಗೂ ಕಣ್ಣಿಲ್ಲ. ಯಾವುದೋ ಆಫೀಸಿನವರು ಗುಜರಿಗೆ ಹಾಕಲಿದ್ದ ಹತ್ತು ಕಂಪ್ಯೂಟರು ತಂದು ನೀನೇ ಲಿನಕ್ಸ್ ಹಾಕಿದೆ. ಯಾರಪ್ಪನ ಅಪ್ಪಣೆಯೂ ಬೇಡ, ಹತ್ತಾರು ಸಾವಿರ ಪ್ಯಾಕೇಜುಗಳ ಭಂಡಾರ ಇದೆ, ಹೆಸರು ಹೇಳಿ ಒಂದು ಸಾಲು ಒತ್ತಿದರೆ ಮನೆಗೆ ಬರುತ್ತದೆ ಅಂದೆ. ಬರೆಯುವುದಕ್ಕೊಂದು, ಲೆಕ್ಕಕ್ಕೊಂದು, ಪುಸ್ತಕದ ಪುಟ ಸ್ಕ್ಯಾನ್ ಮಾಡಿ ಅಕ್ಷರ ಗುರುತಿಸುವುದಕ್ಕೊಂದು, ಹಾಡು ಕೇಳುವುದಕ್ಕೆ ಹತ್ತು. ಎಲ್ಲ ಬಂತು. ಆದರೆ ಅದನ್ನೆಲ್ಲ ಕನ್ನಡದಲ್ಲಿ ಓದಿ ಹೇಳುತ್ತಿದ್ದದ್ದು ಡಬ್ಬಕ್ಕೆ ಕಲ್ಲು ಹಾಕಿ ಅಲ್ಲಾಡಿಸಿದಂಥ ದನಿ. ಅರ್ಧ ಗಂಟೆಗೆ ತಲೆನೋವು. ಆಮೇಲೆ ನಾವಿಬ್ಬರೂ ಮಾಡಿದ ಕೊರಳು ಬಂತು, ನಿನ್ನ ತಾಯಿ ಪ್ರೇಮಮ್ಮನ ದನಿ. ಮನುಷ್ಯರ ದನಿ.

ಮಾರ್ಚ್ ಒಂದಕ್ಕೆ ಹೊಸ ಆವೃತ್ತಿಯ ಬಾಗಿಲು ಮುಚ್ಚುತ್ತದೆ. ಅಷ್ಟರೊಳಗೆ ಅರ್ಜಿ ವಾಪಸು ತೆಗೆದುಕೊಳ್ಳದಿದ್ದರೆ ಕೊರಳು ಹೊರಗೆ. ನಮ್ಮ ಹಳೇ ಆವೃತ್ತಿಗೆ ಈ ವರ್ಷವೇ ಕೊನೆ, ಹೊಸದು ಹಾಕಲೇಬೇಕು. ಮತ್ತೆ ಎರಡು ವರ್ಷ ಡಬ್ಬದ ದನಿ. ಸುಷ್ಮಿತಾ ಅಂತ ಒಬ್ಬಳಿದ್ದಾಳೆ, ಮಂಡಕಳ್ಳಿ ಕಡೆಯವಳು, ಪಿಯುಸಿ. ದಿನಕ್ಕೆ ಎಂಟು ಗಂಟೆ ಕೇಳಿ ಓದುತ್ತಾಳೆ. ಅವಳಿಗೆ ಏನು ಹೇಳಲಿ?

ಏನಾಯಿತು ಅಂತ ಒಂದು ಸಾಲು ಬರಿ. ಟೈಪ್ ಮಾಡಿ ಬರಿ, ನಾನು ಸ್ಕ್ಯಾನ್ ಮಾಡಿ ಕೇಳಿಸಿಕೊಳ್ಳುತ್ತೇನೆ.

ಕೋಪವೂ ಭಯವೂ ಸಮಸಮ ಇರುವ,
ಗಗನ


ಹಿನಕಲ್
೧೬ ಜನವರಿ

ಗಗನಾ,

ಒಂದು ಸಾಲು ಕೇಳಿದ್ದೀಯ. ಒಂದು ಸಾಲಿನಲ್ಲಿ ಮುಗಿಯುವುದಲ್ಲ.

ಡಿಸೆಂಬರ್ ಹನ್ನೊಂದನೇ ತಾರೀಖು ಬೆಳಿಗ್ಗೆ ಪಕ್ಕದ ಮನೆ ಅಂಬುಜಮ್ಮನಿಗೆ ಒಂದು ಫೋನು ಬಂತು. ‘ನಿಮ್ಮ ಮನೆಯ ಕರೆಂಟು ಇವತ್ತು ಸಂಜೆ ಕಟ್ಟಾಗುತ್ತದೆ, ಈಗ ನಿಮ್ಮ ಫೋನಿಗೆ ಬರುವ ಸಂಖ್ಯೆ ಹೇಳಿ’ ಅಂತ. ಹೇಳಿದ್ದು ಅವ್ವನ ದನಿ. ಮೂವತ್ತು ವರ್ಷದಿಂದ ಅವ್ವನ ಹತ್ತಿರ ಹಾಲು ತೆಗೆದುಕೊಳ್ಳುವ ಹೆಂಗಸು ಅಂಬುಜಮ್ಮ. ಪ್ರೇಮನೇ ಕೇಳುತ್ತಿದ್ದಾಳೆ, ಏನೋ ಸಹಾಯ ಮಾಡುತ್ತಿದ್ದಾಳೆ ಅಂದುಕೊಂಡು ಸಂಖ್ಯೆ ಹೇಳಿದರು. ಬ್ಯಾಂಕಿನಲ್ಲಿದ್ದದ್ದೆಲ್ಲ ಹೋಯಿತು. ಮಧ್ಯಾಹ್ನ ನಮ್ಮ ಹಾಲಿನ ಡೈರಿ ಮುಂದೆ ಬಂದು, ಅಷ್ಟು ಜನರ ಎದುರಿಗೆ, ‘ಏನ್ ಪ್ರೇಮಾ, ನಂಬರ್ ಕೇಳ್ದ್ಯಲ್ಲ, ನನ್ ಕಾಸೆಲ್ಲ ಎಲ್ಲೋಯ್ತೇ?’ ಅಂದರು. ಅವ್ವ ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ಟು ಹಿಡಿದುಕೊಂಡೇ ನಿಂತಿದ್ದಳು.

ಆಮೇಲೆ ಗೊತ್ತಾಯಿತು, ನಮ್ಮ ಬೀದಿಗೆ ಮಾತ್ರವಲ್ಲ, ಊರೆಲ್ಲ ಈ ಫೋನು ಹೋಗಿದೆ. ಬೇರೆ ಕಡೆಯವರಿಗೆ ಅದು ಯಾವಳೋ ಹೆಂಗಸಿನ ದನಿ. ಇಲ್ಲಿಯವರಿಗೆ ಡೈರಿ ಪ್ರೇಮಮ್ಮ. ಮೂಲೆ ಮನೆ ಮಂಟಯ್ಯ ನನ್ನ ಮುಖಕ್ಕೇ ಹೇಳಿದರು: ‘ಮಗ ಕಂಪ್ಯೂಟರ್ ಕಲ್ತವ್ನೆ, ತಾಯಿಗೆ ಬಾಯೈತೆ. ಇನ್ನೇನ್ ಬೇಕು?’

ನಾನು ಒಬ್ಬರ ಫೋನಿನಲ್ಲಿ ರೆಕಾರ್ಡ್ ಆಗಿದ್ದದ್ದನ್ನು ಕೇಳಿದೆ. ‘ಸಂಜೆ’ ಅನ್ನುವಾಗ ಒಂದು ಸಣ್ಣ ಕೆಮ್ಮು. ಲಾಕ್‌ಡೌನಿನಲ್ಲಿ ರೆಕಾರ್ಡ್ ಮಾಡಿದಾಗ ಏಳನೇ ದಿನ ಅವ್ವನಿಗೆ ನೆಗಡಿಯಾಗಿತ್ತು, ನೆನಪಿದೆಯಾ? ತೆಗೆಯೋಣ ಅಂದೆ ನಾನು. ಇರಲಿ, ಮನುಷ್ಯರ ದನಿ ಅನ್ನಿಸುತ್ತೆ ಅಂದೆ ನೀನು. ಆ ಕೆಮ್ಮೇ ಅದು. ನಮ್ಮ ಕೊರಳೇ.

ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ಅವ್ವ ಈಗ ಮಾತಾಡುವುದಿಲ್ಲ. ಡೈರಿಯಲ್ಲಿ ಕೂತು ಬೆರಳು ತೋರಿಸಿ ವ್ಯಾಪಾರ ಮಾಡುತ್ತಾಳೆ. ಮೊನ್ನೆ ಸಂಕ್ರಾಂತಿಗೆ ಎಳ್ಳು ಬೆಲ್ಲ ಮಾಡಿಟ್ಟಳು, ಬೀರಲು ಒಂದು ಮನೆಗೂ ಹೋಗಲಿಲ್ಲ. ತಟ್ಟೆ ಹಾಗೇ ಇದೆ.

ಮಕ್ಕಳ ಓದಿಗೆ ಮಾತ್ರ ಬಳಸಬೇಕು ಅಂತ ಲೈಸೆನ್ಸಿನಲ್ಲಿ ಒಂದು ಷರತ್ತು ಹಾಕೋಣ ಅಂತ ಅವತ್ತು ಬಡಕೊಂಡೆ. ಷರತ್ತು ಹಾಕಿದರೆ ಅದು ಮುಕ್ತವಲ್ಲ, ಭಂಡಾರ ಒಳಗೆ ಬಿಡುವುದಿಲ್ಲ ಅಂದವಳು ನೀನು. ‘ಯಾರು ಬೇಕಾದರೂ, ಯಾವ ಕೆಲಸಕ್ಕೆ ಬೇಕಾದರೂ’ ಅಂತ ಬರೆಸಿದವಳು ನೀನು. ಈಗ ಅನುಭವಿಸುತ್ತಿರುವುದು ನನ್ನವ್ವ. ಅರ್ಜಿ ವಾಪಸು ತೆಗೆದುಕೊಳ್ಳುವುದಿಲ್ಲ.

ಚೈತನ್ಯ


ಶ್ರೀರಾಂಪುರ
೨೨ ಜನವರಿ

ಚೈತನ್ಯ,

ಕೈಬರಹದಲ್ಲಿ ಬರೆದೆ. ಟೈಪ್ ಮಾಡು ಅಂತ ಕೇಳಿದ್ದೆ, ಹನ್ನೆರಡು ವರ್ಷದ ಸ್ನೇಹದಲ್ಲಿ ನನಗೆ ಕೈಬರಹ ಓದಲಾಗುವುದಿಲ್ಲ ಅಂತ ನಿನಗೆ ಗೊತ್ತಿರಲಿಲ್ಲವಾ? ನಮ್ಮ ವಾರ್ಡನ್ ಗಿರಿಜಾಂಬಾ ಮೇಡಂ ಓದಿದರು. ಊಟದ ಕೋಣೆಯಲ್ಲಿ, ಗಟ್ಟಿಯಾಗಿ, ಹುಡುಗಿಯರು ಕೂತಿದ್ದಾಗ. ಮೊದಲ ಪುಟ ಮುಗಿಯುವ ಹೊತ್ತಿಗೆ ಎಲ್ಲರಿಗೂ ವಿಷಯ ಗೊತ್ತಾಗಿತ್ತು. ನನ್ನ ಹೊಟ್ಟೆ ಉರಿಯಲಿ ಅಂತಲೇ ಮಾಡಿದ್ದರೆ, ಉರಿದಿದೆ. ಸಂತೋಷಪಡು.

ಅಂಬುಜಮ್ಮನ ಸಂಗತಿ ಕೇಳಿ ಅವತ್ತು ನನಗೆ ಊಟ ಸೇರಲಿಲ್ಲ. ಇದನ್ನು ನಂಬುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಷರತ್ತು ಬೇಡ ಅಂದದ್ದು ನಾನೇ, ತಪ್ಪಿಸಿಕೊಳ್ಳುವುದಿಲ್ಲ. ಕಣ್ಣಿಲ್ಲದವಳಿಗೆ ಒಂದು ದನಿ ಬೇಕಾಗಿತ್ತು ಕಣೋ, ಅದರ ಮುಂದೆ ಬೇರೆ ಏನೂ ಕಾಣಲಿಲ್ಲ. ಕಳ್ಳನೂ ಒಂದು ಸಾಲು ಒತ್ತಿ ಅದೇ ದನಿಯನ್ನು ಮನೆಗೆ ಕರೆದುಕೊಂಡು ಹೋಗಬಹುದು ಅಂತ ಯೋಚಿಸಲಿಲ್ಲ.

ಆದರೆ ಈಗ ಯೋಚಿಸು. ಕಳ್ಳನ ಹತ್ತಿರ ಪ್ರತಿ ಇದೆ. ನೀನು ಭಂಡಾರದಿಂದ ತೆಗೆಸಿದರೆ ಅವನ ಕಂಪ್ಯೂಟರಿನಿಂದ ಹೋಗುತ್ತದಾ? ಹೋಗುವುದಿಲ್ಲ. ಅವನು ನಾಳೆಯೂ ಅದೇ ದನಿಯಲ್ಲಿ ಫೋನ್ ಮಾಡುತ್ತಾನೆ. ಹೋಗುವುದು ನಮ್ಮ ಹತ್ತಿರ ಇರುವುದು ಮಾತ್ರ. ಕಳ್ಳ ಬಂದನೆಂದು ಬೀದಿಯ ದೀಪ ಒಡೆದುಹಾಕುತ್ತಾರಾ ಯಾರಾದರೂ?

ಇನ್ನೆರಡು ಪ್ರಶ್ನೆ. ಸುಮ್ಮನೆ ಉತ್ತರ ಕೊಡು. ಆ ದನಿ ಕೊರಳಿನದು ಅಂತ ಪ್ರೇಮಮ್ಮನಿಗೆ ಹೇಳಿದ್ದೀಯಾ? ಒಪ್ಪಿಗೆ ಪತ್ರ ಅವತ್ತು ಅವರಿಗೆ ಪೂರ್ತಿ ಓದಿ ಹೇಳಿದೆಯಾ?

ಗಗನ


ಶ್ರೀರಾಂಪುರ
೩ ಫೆಬ್ರವರಿ

ಚೈತನ್ಯ,

ಹನ್ನೆರಡು ದಿನವಾಯಿತು, ಉತ್ತರವಿಲ್ಲ. ಎರಡು ಪ್ರಶ್ನೆ ಅಷ್ಟು ಭಾರವೇ?

ಬಾಗಿಲು ಮುಚ್ಚುವುದಕ್ಕೆ ಇಪ್ಪತ್ತಾರು ದಿನ. ನಮ್ಮವರ ಪದ್ಧತಿ ನಿನಗೆ ಗೊತ್ತೇ ಇದೆ. ಉಸ್ತುವಾರಿ ನೋಡುವವನಿಗೆ ಬೇಡವಾದರೆ ಪ್ಯಾಕೇಜು ತಬ್ಬಲಿ ಅಂತ ಘೋಷಿಸಬಹುದು, ಬೇರೆ ಯಾರಾದರೂ ದತ್ತು ತೆಗೆದುಕೊಳ್ಳಬಹುದು. ನಿನಗೆ ಅದರ ಮುಖ ನೋಡಲು ಆಗದಿದ್ದರೆ ನನಗೆ ಕೊಟ್ಟುಬಿಡು. ನಾನು ಸಾಕುತ್ತೇನೆ. ಬೈಗುಳವೂ ನನ್ನ ಹೆಸರಿಗೇ ಬರಲಿ.

ಇಲ್ಲಿ ಹುಡುಗಿಯರು ಈಗಲೇ ಡಬ್ಬದ ದನಿ ಅಭ್ಯಾಸ ಮಾಡಿಕೊಳ್ಳುತ್ತಿದ್ದಾರೆ. ನಾನು ಹೇಳಿದ್ದಲ್ಲ, ಊಟದ ಕೋಣೆಯಲ್ಲಿ ಕೇಳಿಸಿಕೊಂಡರಲ್ಲ. ನಿನ್ನೆ ಸುಷ್ಮಿತಾ ಒಂದು ಪಾಠಕ್ಕೆ ಒಂದೂವರೆ ಗಂಟೆ ತೆಗೆದುಕೊಂಡಳು. ‘ಪರವಾಗಿಲ್ಲ ಮೇಡಂ, ಅವ್ರಮ್ಮಂಗೆ ಅವಮಾನ ಆಗಿದ್ಯಲ್ಲ’ ಅಂದಳು. ನನಗೆ ಅಲ್ಲೇ ನಿಲ್ಲಲಾಗಲಿಲ್ಲ.

ಗಗನ


ಹಿನಕಲ್
೮ ಫೆಬ್ರವರಿ

ಗಗನಾ,

ಟೈಪ್ ಮಾಡಿದ್ದೇನೆ, ದೊಡ್ಡ ಅಕ್ಷರದಲ್ಲಿ. ಹೋದ ಸಲ ಕೈಬರಹದಲ್ಲಿ ಬರೆದದ್ದು ಬೇಕೆಂದೇ. ನಿನಗೆ ನೋವಾಗಲಿ ಅಂತಲೇ. ಕಾಗದ ಡಬ್ಬಿಗೆ ಹಾಕಿದ ಮೇಲೆ ವಾಪಸು ತೆಗೆಯಲು ಕೈ ಹಾಕಿದೆ, ಸಿಗಲಿಲ್ಲ.

ದತ್ತು ತೆಗೆದುಕೊಳ್ಳುತ್ತೀಯಾ? ನನ್ನ ಅವ್ವನನ್ನು? ಆ ಸಾಲು ಓದಿ ನಿನ್ನ ಕಾಗದ ಹರಿದುಹಾಕಿದೆ. ಆಮೇಲೆ ಟೇಪು ಹಾಕಿ ಅಂಟಿಸಿದೆ.

ನಿನ್ನ ಎರಡು ಪ್ರಶ್ನೆಗೆ ಉತ್ತರ. ಎರಡಕ್ಕೂ ಒಂದೇ. ಇಲ್ಲ.

ಒಪ್ಪಿಗೆ ಪತ್ರ ಓದಿ ಹೇಳಲಿಲ್ಲ. ಹನ್ನೊಂದು ದಿನ ಅವ್ವ ಒಳಕೋಣೆಯಲ್ಲಿ ಕಂಬಳಿ ಹೊದ್ದು ಕೂತು, ನಾನು ಒಂದೊಂದಾಗಿ ಹೇಳಿಕೊಟ್ಟಂತೆ, ಸಾವಿರದ ಆರುನೂರು ವಾಕ್ಯ ಓದಿದಳು. ಹೊರಗೆ ಒಂದು ಬಸ್ಸಿನ ಸದ್ದೂ ಇರಲಿಲ್ಲ, ಅಂಥ ದಿನ ಮತ್ತೆ ಬರುವುದಿಲ್ಲ ಅಂತ ಅವಸರ ನನಗೆ. ‘ಯಾಕ್ಲಾ ಇದೆಲ್ಲ?’ ಅಂದಳು. ಕಣ್ಣಿಲ್ಲದ ಮಕ್ಕಳಿಗೆ ಪಾಠ ಅವ್ವಾ ಅಂದೆ. ಅಷ್ಟೇ ಹೇಳಿದ್ದು. ಯಂತ್ರ ಈ ವಾಕ್ಯಗಳನ್ನು ಚೂರು ಚೂರು ಮಾಡಿ, ನೀನು ಓದದೇ ಇರುವುದನ್ನೂ ನಿನ್ನ ದನಿಯಲ್ಲಿ ಹೇಳುತ್ತದೆ ಅಂತ ಹೇಳಲಿಲ್ಲ. ಯಾರು ಬೇಕಾದರೂ, ಯಾವ ಕೆಲಸಕ್ಕೆ ಬೇಕಾದರೂ ಅಂತ ಹೇಳಲಿಲ್ಲ. ಹೇಳಿದರೆ ನೂರು ಪ್ರಶ್ನೆ ಕೇಳುತ್ತಿದ್ದಳು. ಬೇಡ ಅಂದುಬಿಟ್ಟಿದ್ದರೆ? ಪತ್ರ ಕಳಿಸಲು ಅವತ್ತೇ ಕೊನೆ ದಿನ ಅಂತ ನೀನು ಎರಡು ಸಲ ಫೋನ್ ಮಾಡಿದ್ದೆ. ಅವ್ವನ ಹೆಸರು ನಾನೇ ಬರೆದೆ. ಆ ಸಹಿ ನನ್ನದು.

ಈಗ ಇನ್ನೊಂದು. ಫೋನಿನ ದನಿ ಎಲ್ಲಿಂದ ಬಂತು ಅಂತಲೂ ಅವ್ವನಿಗೆ ಹೇಳಿಲ್ಲ. ಹೇಳಿದರೆ ಸಹಿಯ ವಿಷಯವೂ ಹೇಳಬೇಕಾಗುತ್ತದೆ. ಮೊನ್ನೆ ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ತಾನೇ ‘ಕರೆಂಟು, ಕರೆಂಟು’ ಅಂತ ಮೆಲ್ಲಗೆ ಹೇಳಿಕೊಂಡು ಕೇಳಿಸಿಕೊಳ್ಳುತ್ತಿದ್ದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಒಳಗೆ ಹೋಗಲಿಲ್ಲ.

ಒಪ್ಪಿಗೆ ಇಲ್ಲ ಅಂತ ಅರ್ಜಿಯಲ್ಲಿ ಬರೆದದ್ದು ನೆಪವಲ್ಲ. ನಿಜ. ಭಂಡಾರದಿಂದ ಅದು ಹೋದರೆ ಆ ಸಹಿಯೂ ಹೋಗುತ್ತದೆ. ಇದಕ್ಕಿಂತ ಹೆಚ್ಚು ನನ್ನಿಂದ ಆಗುವುದಿಲ್ಲ. ಮತ್ತೆ ಬರೆಯಬೇಡ.

ಚೈತನ್ಯ


ಶ್ರೀರಾಂಪುರ
೧೩ ಫೆಬ್ರವರಿ

ಚೈತನ್ಯ,

ಬರೆಯಬೇಡ ಅಂದೆ. ಇದೊಂದು ಬರೆದು ನಿಲ್ಲಿಸುತ್ತೇನೆ.

ನಿನ್ನ ಕಾಗದ ಸ್ಕ್ಯಾನರಿಗೆ ಹಾಕಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತೆ. ನನ್ನ ಕಂಪ್ಯೂಟರಿನಲ್ಲಿರುವುದು ಯಾರ ದನಿ ಅಂತ ನೀನು ಬರೆಯುವಾಗ ಯೋಚಿಸಿದೆಯೋ ಇಲ್ಲವೋ. ‘ಅವ್ವನ ಹೆಸರು ನಾನೇ ಬರೆದೆ. ಆ ಸಹಿ ನನ್ನದು’ ಅನ್ನುವುದನ್ನು ನನಗೆ ಓದಿ ಹೇಳಿದ್ದು ನಿನ್ನ ಅವ್ವ. ತಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತಿಲ್ಲದೆ, ಸುಷ್ಮಿತಾಗೆ ಭೂಗೋಳದ ಮಣ್ಣಿನ ಪಾಠ ಓದಿದಷ್ಟೇ ಸಮಾಧಾನವಾಗಿ ಓದಿದರು. ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಇಟ್ಟೆ.

ನಾವಿಬ್ಬರು ಮೊದಲ ಸಲ ಸಿಕ್ಕಿದ್ದು ಕೀಲಿ ಸಹಿಯ ದಿನ. ನಮ್ಮಲ್ಲಿ ಹಾಗೇ ತಾನೇ ಪದ್ಧತಿ, ಎದುರಾಎದುರು ನಿಂತು, ಗುರುತಿನ ಚೀಟಿ ನೋಡಿ, ಇವನು ಇವನೇ ಹೌದು ಅಂತ ಒಬ್ಬರ ಕಂಪ್ಯೂಟರ್ ಗುರುತಿನ ಕೀಲಿಗೆ ಇನ್ನೊಬ್ಬರು ಸಹಿ ಹಾಕುವುದು. ನಿನ್ನ ಚೀಟಿ ನನ್ನ ಕೈಗೆ ಕೊಟ್ಟೆ. ನುಣ್ಣಗಿನ ಪ್ಲಾಸ್ಟಿಕ್ಕು, ಅದರಲ್ಲಿ ನನಗೇನು ಗೊತ್ತಾಗಬೇಕು? ನಿನ್ನ ದನಿ ಕೇಳಿದೆ, ಸುಳ್ಳು ಹೇಳುವ ದನಿಯಲ್ಲ ಅನ್ನಿಸಿತು, ಸಹಿ ಹಾಕಿದೆ. ಅಂಬುಜಮ್ಮ ಮಾಡಿದ್ದೂ ಅದನ್ನೇ ಅಲ್ಲವಾ?

ನಾನು ಎರಡು ಸಲ ಫೋನ್ ಮಾಡಿ ಅವಸರ ಮಾಡಿದ್ದು ನಿಜ. ಪ್ರೇಮಮ್ಮನ ಹತ್ತಿರ ಒಂದು ನಿಮಿಷ ಫೋನ್ ಕೊಡು ಅಂತ ಒಂದು ಸಲವೂ ಕೇಳಲಿಲ್ಲ. ಬೇಡ ಅಂದುಬಿಟ್ಟರೆ ಅನ್ನುವ ಭಯ ನನಗೂ ಇತ್ತು. ನಿನ್ನ ಸಹಿಯಲ್ಲಿ ನನ್ನದೂ ಪಾಲಿದೆ.

ಅರ್ಜಿಗೆ ನಾನು ತಕರಾರು ಹಾಕುವುದಿಲ್ಲ. ದತ್ತಿನ ಮಾತೂ ವಾಪಸು. ಕೊರಳು ನಿನ್ನದೂ ಅಲ್ಲ, ನನ್ನದೂ ಅಲ್ಲ. ಆದರೆ ಒಂದು ಮಾತು ಹೇಳದೆ ಇರಲಾರೆ. ಆ ಹೆಂಗಸು ಅಡುಗೆಮನೆಯಲ್ಲಿ ನಿಂತು ತನ್ನ ಬಾಯನ್ನೇ ತಾನು ಪರೀಕ್ಷೆ ಮಾಡಿಕೊಳ್ಳುತ್ತಿದ್ದಾರೆ, ನೀನು ಬಾಗಿಲಲ್ಲಿ ನಿಂತು ನೋಡಿದೆ. ಕಳ್ಳ ಅವರ ದನಿಯನ್ನು ಒಂದು ಬೆಳಿಗ್ಗೆ ಬಳಸಿಕೊಂಡ. ನೀನು ಎರಡು ತಿಂಗಳಿಂದ ಬಾಯಿ ಕಟ್ಟಿ ಕೂರಿಸಿದ್ದೀಯ. ಹೋಗಿ ಹೇಳು ಚೈತನ್ಯ. ಬೈದರೆ ಬೈಸಿಕೋ.

ಗಗನ


ಶ್ರೀರಾಂಪುರ
೨೨ ಫೆಬ್ರವರಿ

ಚೈತು,

ತಿಂಡಿ ಆಯ್ತಾ?

ನಾನು ಹೇಳ್ತಾ ಇದೀನಿ, ಗಗನ ಬರೀತಾವ್ಳೆ. ನಾನಂದಿದ್ದನ್ನ ಅಂದಂಗೇ ಬರೀಬೇಕು, ನಯ ನಾಜೂಕು ಮಾಡಬ್ಯಾಡ ಅಂತ ಹೇಳಿದೀನಿ. ನಾನು ಇಲ್ಲಿರೋದು ನಿನ್ನೆನೇ ನಿಂಗೆ ಗೊತ್ತಾಗೈತೆ, ಗಿರಿಜಾಂಬಾ ಮೇಡಮ್ಮು ಫೋನ್ ಮಾಡಿದ್ರಂತೆ. ಮನೆಗೆ ಬಂದೇ ಹೇಳಬೌದಿತ್ತು. ಎದುರಿಗೆ ಹೇಳಕ್ಕೋದ್ರೆ ನೀನು ಮಧ್ಯ ಬಾಯಾಕ್ತೀಯ. ಕಾಗ್ದಕ್ಕೆ ಬಾಯಾಕಕ್ಕಾಗಲ್ಲ. ಇದನ್ನ ಈ ಹುಡ್ಗಿಯಿಂದ ಕಲ್ತೆ.

ನಿಂಗೆ ಬಂದ ಕಾಗ್ದ ಒಡೆದಿದ್ದು ನಾನೇ. ಜನವರಿಯಿಂದ ನೋಡ್ತಾವ್ನಿ, ಅಂಚೆಯವ್ನು ತಂದ್ ಕೊಡ್ತಾನೆ, ಹಿಂದುಗಡೆ ಹುಡ್ಗಿ ಹೆಸ್ರು, ನೀನು ಇಸ್ಕೊಂಡು ರೂಮಿಗೆ ಹೋಗಿ ಬಾಗ್ಲಾಕ್ಕೋತೀಯ. ಮದ್ವೆ ವಿಷ್ಯ ಅಂದ್ಕಂಡೆ. ಹುಡ್ಗಿ ಮನೇವ್ರು ಒಪ್ಪಲಿಲ್ಲವೇನೋ, ಅದಕ್ಕೇ ಇವನ ಮುಖ ಇಂಗೈತೆ, ನೋಡೇಬುಡಣ ಅಂತ ಮೊನ್ನೆದು ಒಡೆದೆ. ಅಕ್ಷರ ಕೂಡಿಸ್ಕೊಂಡು ಕೂಡಿಸ್ಕೊಂಡು ಓದೋ ಹೊತ್ಗೆ ಮಧ್ಯಾನ್ನ ಆಯ್ತು. ಹಳೇವು ನಿನ್ ಹಾಸಿಗೆ ಕೆಳ್ಗಿದ್ವು, ಟೇಪ್ ಹಾಕಿದ್ದೂ ಸಿಗ್ತು. ಬೇರೆಯವ್ರ ಕಾಗ್ದ ಒಡೆಯೋದು ತಪ್ಪು, ಗೊತ್ತು ಕಣಪ್ಪ. ನನ್ ಹೆಸ್ರು ನೀನು ಬರ್ಕೊಂಡಿದೀಯ, ನಿನ್ ಹೆಸ್ರಿನ ಕಾಗ್ದ ನಾನು ಒಡ್ಕೊಂಡಿದೀನಿ. ಸರಿಗ್ ಸರಿ.

ಆದ್ರೆ ಇನ್ನೊಂದು ಸರಿಗ್ ಸರಿ ಆಗಕಿಲ್ಲ. ಎರಡು ತಿಂಗ್ಳು ಮಗಾ. ಎರಡು ತಿಂಗ್ಳು ನಾನು ನನ್ ಬಾಯಿಗೇ ಹೆದ್ರಕೊಂಡಿದ್ದೆ. ನಾನು ಓದಿದ್ದು ಪಾಠ. ಕರೆಂಟ್ ಕಟ್ಟಾಗುತ್ತೆ ಅಂತ ನಾನು ಯಾವತ್ತೂ ಓದಿರಲಿಲ್ಲ. ಅಂದ್ಮೇಲೆ ಅಂಬುಜಿ ಕೇಳಿಸ್ಕೊಂಡಿದ್ದು ಎಂಗೆ? ನಿದ್ದೆಗಣ್ಣಲ್ಲಿ ನಾನೇ ಫೋನ್ ಮಾಡ್ದ್ನಾ? ತಲೆ ಕೆಟ್ಟೋಯ್ತಾ? ನಮ್ಮತ್ತೆಗೂ ಕೊನೆಕಾಲ್ದಲ್ಲಿ ಇಂಗೇ ಆಗಿತ್ತು, ಮಾಡಿದ್ದು ನೆನಪಿರ್ತಿರಲಿಲ್ಲ. ರಾತ್ರಿ ಫೋನ್ ನಿನ್ ರೂಮಲ್ಲಿಟ್ಟು ಮಲಗ್ತಿದ್ದೆ, ನೀನು ಕೇಳ್ದೆ ಯಾಕವ್ವಾ ಅಂತ. ಚಾರ್ಜಿಗೆ ಅಂದೆ. ನಿಂಗೆಲ್ಲ ಗೊತ್ತಿತ್ತು. ಒಂದ್ ಮಾತು, ‘ಅವ್ವ ಅದು ನೀನಲ್ಲ’ ಅಂತ ಅಂದಿದ್ರೆ ಸಾಕಾಗಿತ್ತು. ನಂಗೆ ಬಂದಿರೋ ಸಿಟ್ಟು ಸಹಿದಲ್ಲ, ಇದು.

ನಿನ್ನೆ ಬೆಳಿಗ್ಗೆ ಡೈರಿಗೆ ಬೀಗ ಹಾಕ್ಬುಟ್ಟು ಬಸ್ ಹತ್ತಿದೆ. ಹಾಸ್ಟೆಲ್ ಬಾಗಿಲಲ್ಲಿ ನಿಂತ್ಕಂಡು ‘ಗಗನ ಅನ್ನೋರು ಯಾರವ್ವಾ?’ ಅಂದೆ. ಅಷ್ಟೇ ಅಂದಿದ್ದು. ಒಳಗೆ ಟಕ ಟಕ ಅಂತಿದ್ದದ್ದೆಲ್ಲ ನಿಂತೋಯ್ತು. ಒಬ್ಬಳು ಗೋಡೆ ಮುಟ್ಕೊಂಡು ಬಂದ್ಳು, ಸುಷ್ಮಿತಾ ಅಂತ, ‘ಮೇಡಂ, ಮೇಡಂ, ಕಂಪ್ಯೂಟರು ಆಚೆ ಬಂದ್ಬುಟ್ಟೈತೆ!’ ಅಂತ ಕೂಗಿದ್ಳು. ನಂಗೆ ಎರಡು ತಿಂಗ್ಳಿಂದ ಬರ್ದೇ ಇದ್ದ ನಗು ಬಂತು. ಆಮೇಲೆ ಅಳೂ ಬಂತು.

ಗಗನನ್ನ ಕೂರಿಸ್ಕೊಂಡು ಆ ಲೈಸೆನ್ಸು ಅನ್ನೋದನ್ನ ಓದು ಅಂದೆ. ನಂಗೆ ಓದಕ್ಕಾಗಲ್ಲ, ನೀವೇ ಓದಬೇಕು ಅಂತ ಹೇಳಿ ಏನೋ ಒತ್ತಿದ್ಳು. ನನ್ ದನಿ ಬಂತು. ನಾನು ಓದದೇ ಇದ್ದದ್ದನ್ನ ನಾನೇ ಓದ್ತಿದ್ದೆ. ಯಾರು ಬೇಕಾದರೂ, ಯಾವ ಕೆಲಸಕ್ಕೆ ಬೇಕಾದರೂ, ಯಾರನ್ನೂ ಕೇಳದೆ ಬಳಸಬಹುದು, ಬದಲಾಯಿಸಬಹುದು, ಹಂಚಬಹುದು. ಮೂರು ಸಲ ಹಾಕಿಸ್ದೆ. ‘ಕಳ್ಳನೂವಾ?’ ಅಂದೆ. ‘ಕಳ್ಳನೂ ಅಮ್ಮ’ ಅಂದ್ಳು. ‘ಒಂದ್ಸಲ ಕೊಟ್ಮೇಲೆ ವಾಪಸ್ ಇಸ್ಕೊಳಕ್ಕಾಗಲ್ವಾ?’ ‘ಆಗಲ್ಲ ಅಮ್ಮ.’ ನೀನಾಗಿದ್ರೆ ಸುತ್ತಿ ಬಳಸಿ ಏನೋ ಹೇಳ್ತಿದ್ದೆ. ಇವ್ಳು ಹೇಳಿಬುಟ್ಟು ಸುಮ್ಕೆ ಕೂತ್ಕಂಡ್ಳು. ಬೇಕು ಅಂತಲೂ ಕೇಳಲಿಲ್ಲ.

ಆಗಲ್ಲ, ತೆಗೆಸ್ಬುಡ್ರವ್ವಾ ಅಂತ ಹೇಳಣ ಅಂತಲೇ ರಾತ್ರಿ ಮಲಗಿದ್ದೆ. ನನ್ ದನಿ ಇಟ್ಕಂಡು ಇನ್ನೊಬ್ಬ ಅಂಬುಜಿನ ಹಾಳ್ ಮಾಡಿದ್ರೆ?

ಬೆಳಿಗ್ಗೆ ಎದ್ದು ನೋಡ್ತೀನಿ, ಸುಷ್ಮಿತಾ ಆಗ್ಲೇ ಕೂತು ಓದ್ತಾವ್ಳೆ. ಕಿವಿಗೆ ಹಾಕೋದು ತೆಗೆದು ನಂಗೂ ಕೇಳಿಸು ಅಂದೆ. ನನ್ ದನಿನ ಅವ್ಳು ಎಷ್ಟು ಜೋರಾಗಿ ಓಡಿಸ್ತಾಳೆ ಅಂತೀಯ, ಗಡಗಡಗಡ ಅಂತ ಜೋಳ ಸುರಿದಂಗೆ. ನಂಗೆ ಒಂದಕ್ಷರ ತಿಳೀಲಿಲ್ಲ. ‘ಏನಂತು?’ ಅಂದೆ. ‘ಕಪ್ಪು ಮಣ್ಣಲ್ಲಿ ನೀರು ನಿಲ್ತದೆ ಅಂತ ಹೇಳ್ದ್ರಲ್ಲ ಅಮ್ಮ, ನೀವೇ’ ಅಂದ್ಳು. ಇವ್ರಿಗೆಲ್ಲ ಅಂಗೇ ರೂಢಿಯಂತೆ, ಡಬ್ಬದ ದನಿ ಅಷ್ಟು ಜೋರಾಗಿ ಓಡಿಸಿದ್ರೆ ಒಡೆದೋಗುತ್ತಂತೆ, ನಂದು ತಡೀತದಂತೆ.

ಅಲ್ಲೇ ತೀರ್ಮಾನ ಆಯ್ತು ನಂಗೆ. ನಂಗೇ ಅರ್ಥ ಆಗದೇ ಇರೋದು, ಅವಳಿಗೆ ಅರ್ಥ ಆಗ್ತಿರೋದು, ಅದು ನನ್ ದನಿ ಎಂಗಾಯ್ತದೆ? ಅವಳ್ದು ಅದು. ಅವ್ಳ ಬಾಯಿಂದ ಕಿತ್ಕಳಕ್ಕೆ ನೀನ್ಯಾರು, ನಾನ್ಯಾರು?

ಈಗ ಕೇಳು. ಒಪ್ಪಿಗೆ ಇಲ್ಲ ಅಂತ ಅರ್ಜಿ ಹಾಕಿದ್ಯಲ್ಲ, ಆವತ್ತು ಅದು ನಿಜ. ಇವತ್ತಿಂದ ಸುಳ್ಳು. ಆವತ್ತು ನಾನು ಕೊಟ್ಟಿರಲಿಲ್ಲ, ನೀನು ತಗಂಡಿದ್ದೆ. ಇವತ್ತು ಕೊಟ್ಟಿದೀನಿ, ಕಳ್ಳನ ವಿಷ್ಯಾನೂ ಕೇಳ್ಕಂಡೇ ಕೊಟ್ಟಿದೀನಿ. ಗಗನ ಹೊಸ ಪತ್ರ ತೆಗ್ದವ್ಳೆ, ಗಿರಿಜಾಂಬಾ ಮೇಡಮ್ಮು ಸಾಕ್ಷಿ ಹಾಕವ್ರೆ. ಒಂದನೇ ತಾರೀಕು ಬಾಗ್ಲು ಮುಚ್ಚೋದ್ರೊಳ್ಗೆ ನೀನು ಮಾಡಬೇಕಾದ್ದು ಮಾಡು. ಹಳೇ ಪತ್ರ ನಿನ್ ಕೈಯಾರೆ ಹರ್ದಾಕು. ಇವ್ಳ ನಂಬರಿಗೆ ಏನೋ ಮಾಡಿಟ್ಟಿದ್ಯಂತಲ್ಲ, ಅದನ್ನೂ ತೆಗಿ.

ನಾಳೆ ಬುಟ್ಟು ಮುಂದಿನ ಭಾನುವಾರ ಎಳ್ಳು ಬೆಲ್ಲದ ತಟ್ಟೆ ಇಟ್ಕಂಡು ಅಂಬುಜಿ ಮನೆಗೆ ಹೋಯ್ತಾವ್ನಿ. ತಡ ಆಯ್ತು ಅಂದ್ರೆ ಅನ್ಲಿ. ನೀನೂ ಬರ್ತೀಯ. ಯಾರ ದನಿ, ಎಲ್ಲಿಂದ ಬಂತು, ಯಾರು ಸಹಿ ಹಾಕಿದ್ದು, ಎಲ್ಲಾನೂ ನೀನೇ ಹೇಳ್ತೀಯ. ನಾನು ಪಕ್ಕದಲ್ಲಿ ಕೂತಿರ್ತೀನಿ. ಆಮೇಲೆ ಅವ್ಳಿಗೆ ನಾನೊಂದು ಮಾತು ಕೇಳ್ತೀನಿ. ಅಂಬುಜೀ, ಮೂವತ್ತು ವರ್ಷದಲ್ಲಿ ನಾನು ತಿಂಡಿ ಆಯ್ತಾ ಅಂತ ಕೇಳ್ದೆ ನಿನ್ ಹತ್ರ ಮಾತು ಶುರು ಮಾಡಿದ್ದುಂಟೇನೇ? ಆ ಫೋನು ಕೇಳ್ತಾ? ಇನ್ಮೇಲೆ ಯಾರೇ ನನ್ ದನೀಲಿ ಫೋನ್ ಮಾಡ್ಲಿ, ತಿಂಡಿ ಕೇಳದೇ ಕಾಸಿನ್ ವಿಷ್ಯ ಎತ್ತಿದ್ರೆ ಫೋನ್ ಇಟ್ಬುಟ್ಟು ಡೈರಿ ಹತ್ರ ಬಾ. ನಾನಲ್ಲೇ ಇರ್ತೀನಿ, ಕೂಗ್ತಾ ಇರ್ತೀನಿ. ಬೀದಿಗೆಲ್ಲ ಇದನ್ನೇ ಹೇಳ್ತೀನಿ, ಮಂಟಯ್ಯಂಗೂ.

ಇವ್ಳು ಬರ್ದು ಮುಗಿಸಿ ಈಗ ಪೂರ್ತಿ ಓದಿಸಿದ್ಳು, ನನ್ ದನೀಲೇ. ಎಲ್ಲಾ ನಾನಂದಿದ್ದೇ. ಕೆಳಗಡೆ ಇರೋದು ಮಾತ್ರ ಮಿಷಿನ್ನಿನ ಅಕ್ಷರ ಅಲ್ಲ, ಪೆನ್ನು ಇಸ್ಕೊಂಡು ನಾನೇ ಬರ್ದಿದ್ದು. ನೀನು ಹಾಕಿದ್ದನ್ನ ಪಕ್ಕದಲ್ಲಿಟ್ಕಂಡು ನೋಡು.

ಪ್ರೇಮಮ್ಮ